ಊಟಿಯ ರೈಲು ಬೆಟ್ಟ ಹತ್ತುವುದು ಕಲ್ಲಾರಿನಲ್ಲಿ

ಪ್ರಶ್ನೆ: ಕಳೆದ ಬೇಸಿಗೆಯಲ್ಲಿ ಮೈಸೂರಿನಿಂದ ಕಾರಿನಲ್ಲಿ ಊಟಿಗೆ ಹೋಗಿದ್ದಾಗ, ಮಕ್ಕಳ ಒತ್ತಾಯಕ್ಕೆ ಊಟಿಯಿಂದ ಕುನೂರಿನವರೆಗೆ ‘ಟಾಯ್ ಟ್ರೇನ್’ನಲ್ಲಿ ಪ್ರಯಾಣ ಮಾಡಿದೆವು. ಡೀಸೆಲ್ ಎಂಜಿನ್ ಇತ್ತು, ಒಂದು ಗಂಟೆಯ ಚಿಲ್ಲರೆ ಪ್ರಯಾಣ. ನೋಟವೇನೋ ಚೆನ್ನಾಗಿತ್ತು, ಆದರೆ ಇದಕ್ಕೆ ವಿಶ್ವ ಪರಂಪರೆಯ ಮನ್ನಣೆ ಏಕೆ ಸಿಕ್ಕಿತು ಎಂಬುದು ಅರ್ಥವಾಗಲಿಲ್ಲ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲು ಇದಕ್ಕಿಂತ ಎಷ್ಟೋ ರೋಮಾಂಚಕ. ಡಾರ್ಜಿಲಿಂಗ್, ಶಿಮ್ಲಾ ರೈಲುಗಳೂ ಹೀಗೆಯೇ ಇವೆಯೇ? ಮುಂದಿನ ದಸರಾ ರಜೆಯಲ್ಲಿ ಮತ್ತೊಮ್ಮೆ ಹೋಗುವ ಯೋಚನೆಯಿದೆ, ಏನು ಮಾಡಬೇಕು?

ಉತ್ತರ: ನೀವು ನೋಡಿರುವುದು ನೀಲಗಿರಿ ರೈಲಿನ ಸುಲಭದ ಅರ್ಧವನ್ನು ಮಾತ್ರ. ಕನ್ನಡನಾಡಿನಿಂದ ಊಟಿಗೆ ಹೋಗುವ ಬಹುಪಾಲು ಜನರಿಗೆ ಹೀಗೆಯೇ ಆಗುತ್ತದೆ, ಅದಕ್ಕೆ ಕಾರಣ ಭೂಗೋಳ. ನಾವು ಗುಂಡ್ಲುಪೇಟೆ, ಬಂಡೀಪುರ ದಾಟಿ, ಮಸಿನಗುಡಿಯ ಕಡೆಯಿಂದಲೋ ಗೂಡಲೂರಿನ ಕಡೆಯಿಂದಲೋ ರಸ್ತೆಯಲ್ಲೇ ಬೆಟ್ಟ ಹತ್ತಿ ನೇರವಾಗಿ ಊಟಿಗೆ ಸೇರುತ್ತೇವೆ. ರೈಲು ಹತ್ತುವುದು ಬೆಟ್ಟದ ಇನ್ನೊಂದು ಮೈಯನ್ನು, ಕೊಯಮತ್ತೂರಿನ ಬಯಲಿನಲ್ಲಿರುವ ಮೆಟ್ಟುಪಾಳಯಂ ಕಡೆಯಿಂದ. ಹೀಗಾಗಿ ಊಟಿಯಲ್ಲಿ ಬಟಾನಿಕಲ್ ಗಾರ್ಡನ್, ದೊಡ್ಡಬೆಟ್ಟ, ಕೆರೆ ಎಲ್ಲವೂ ಮುಗಿದ ಮೇಲೆ ಉಳಿದ ಒಂದು ಮಧ್ಯಾಹ್ನಕ್ಕೆ ಕುನೂರಿನವರೆಗಿನ ಟಿಕೆಟ್ ಕೊಳ್ಳುವುದು ನಮ್ಮವರ ರೂಢಿ. ಆ ತುಂಡಿನಲ್ಲಿ ರೈಲು ಎಲ್ಲ ರೈಲುಗಳಂತೆ ಹಳಿಯ ಮೇಲೆ ಉರುಳುತ್ತದೆ. ಬೆಟ್ಟದ ಬುಡದಲ್ಲಿರುವ ಕಲ್ಲಾರಿನಿಂದ ಕುನೂರಿನವರೆಗಿನ ಸುಮಾರು 19 ಕಿಲೋಮೀಟರ್‌ನಲ್ಲಿ ಅದು ನಡೆದುಕೊಳ್ಳುವ ರೀತಿಯೇ ಬೇರೆ, ಭಾರತದ ಬೇರಾವ ರೈಲುಮಾರ್ಗದಲ್ಲೂ ಅದನ್ನು ಕಾಣಲಾಗದು.

ಇದನ್ನು ತಿಳಿಯಲು ರೈಲಿನ ಒಂದು ಮೂಲ ದೌರ್ಬಲ್ಯವನ್ನು ಗಮನಿಸಬೇಕು. ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ನುಣುಪಾಗಿ ಉರುಳುವುದರಿಂದಲೇ ರೈಲಿಗೆ ಇಂಧನ ಕಡಿಮೆ ಸಾಕಾಗುತ್ತದೆ, ಆದರೆ ಏರು ಬಂದಾಗ ಅದೇ ನುಣುಪು ಶತ್ರುವಾಗುತ್ತದೆ. ಕಲ್ಲಾರ್ ದಾಟಿದ ಮೇಲಿನ ಏರು ಪ್ರತಿ 12 ಅಡಿಗೆ ಹೆಚ್ಚುಕಡಿಮೆ 1 ಅಡಿ. ಉದಾಹರಣೆಗೆ ಎಂಜಿನ್ನೂ ಬೋಗಿಗಳೂ ಸೇರಿ ರೈಲು 120 ಟನ್ ತೂಗುತ್ತದೆ ಎಂದುಕೊಳ್ಳಿ. ಈ ಏರಿನಲ್ಲಿ ಅದು ಹಿಂದಕ್ಕೆ ಜಾರದಂತೆ ಹಿಡಿದು ನಿಲ್ಲಿಸಲಿಕ್ಕೇ 10 ಟನ್ ಬಲ ಬೇಕು. ಅದರಲ್ಲಿ ಎಂಜಿನ್ನಿನ ತೂಕ 50 ಟನ್ ಆಗಿದ್ದರೆ, ಹಳಿ ಒಣಗಿದ್ದಾಗ ಚಕ್ರಗಳ ಹಿಡಿತದಿಂದ ಸಿಗುವ ಬಲ ಹೆಚ್ಚೆಂದರೆ ಅದರ ಕಾಲು ಭಾಗ, ಅಂದರೆ 12 ಟನ್‌ನಷ್ಟು. ಲೆಕ್ಕ ಹೇಗೋ ಸರಿಹೊಂದಿತು ಎನ್ನುವಷ್ಟರಲ್ಲಿ ಮಂಜು ಇಳಿದು ಹಳಿ ಒದ್ದೆಯಾದರೆ, ಅಥವಾ ತರಗೆಲೆ ಬಿದ್ದು ಅರೆದುಹೋದರೆ, ಆ ಹಿಡಿತ ಅರ್ಧಕ್ಕೆ ಕುಸಿಯುತ್ತದೆ. ನೀಲಗಿರಿಯಲ್ಲಿ ಮಂಜೂ ಎಲೆಯೂ ಇಲ್ಲದ ದಿನಗಳು ಎಷ್ಟಿರುತ್ತವೆ? ಎಷ್ಟೇ ಶಕ್ತಿಶಾಲಿ ಎಂಜಿನ್ ತಂದರೂ ಚಕ್ರಗಳು ನಿಂತಲ್ಲೇ ತಿರುಗುತ್ತವೆ, ಇಳಿಯುವಾಗಲಂತೂ ಬ್ರೇಕ್ ಹಾಕಿದ ಚಕ್ರಗಳೇ ಜಾರಿಕೊಂಡು ಹೋಗುತ್ತವೆ.

ಆದ್ದರಿಂದಲೇ ಈ ಮಾರ್ಗದ ಇತಿಹಾಸ ಅಷ್ಟೊಂದು ಎಳೆದಾಡಿತು. ಮದರಾಸು ಪ್ರೆಸಿಡೆನ್ಸಿಯ ಅಧಿಕಾರಿಗಳಿಗೆ ಊಟಿ ಬೇಸಿಗೆಯ ರಾಜಧಾನಿಯಾಗಿತ್ತು, ಸುತ್ತಲೂ ಕಾಫಿ ಮತ್ತು ಚಹಾ ತೋಟಗಳು ಬೆಳೆಯುತ್ತಿದ್ದವು. ನೀಲಗಿರಿಗೆ ರೈಲು ಬೇಕೆಂಬ ಪ್ರಸ್ತಾಪ 1854ರಲ್ಲೇ ಬಂತು. ಅದೇ ವರ್ಷ ಆಸ್ಟ್ರಿಯಾದಲ್ಲಿ ಸೆಮರಿಂಗ್ ಕಣಿವೆಯ ಮೇಲಿನ ಮಾರ್ಗ ಪೂರ್ಣಗೊಂಡು, ಆಲ್ಪ್ಸ್ ಪರ್ವತವನ್ನು ರೈಲು ದಾಟಬಲ್ಲದು ಎಂಬುದು ಮೊದಲ ಬಾರಿಗೆ ಸಾಬೀತಾಗಿತ್ತು. ಆದರೆ ಸೆಮರಿಂಗ್‌ನ ಅತಿ ಕಡಿದಾದ ಏರು 40ಕ್ಕೆ 1 ಮಾತ್ರ. ಕಲ್ಲಾರಿನ ಏರಿಗೆ ಬೇಕಾದ ತಂತ್ರ ಆಗ ಜಗತ್ತಿನಲ್ಲೇ ಇರಲಿಲ್ಲ. ಹಳಿಗಳ ನಡುವೆ ಹಲ್ಲುಪಟ್ಟಿ ಹಾಸಿ, ಎಂಜಿನ್ನಿನ ಅಡಿಯ ಹಲ್ಲುಚಕ್ರವನ್ನು ಅದಕ್ಕೆ ಕಚ್ಚಿಸಿ ಬೆಟ್ಟ ಹತ್ತುವ ಮೊದಲ ರೈಲು ಅಮೆರಿಕದ ಮೌಂಟ್ ವಾಷಿಂಗ್ಟನ್‌ನಲ್ಲಿ ಓಡಿದ್ದು 1869ರಲ್ಲಿ. ಎರಡು ವರ್ಷಗಳ ನಂತರ ಸ್ವಿಟ್ಜರ್ಲೆಂಡಿನ ರಿಗಿ ಬೆಟ್ಟಕ್ಕೆ ನಿಕೊಲಾಸ್ ರಿಗೆನ್‌ಬಾಖ್ ಅಂಥದೇ ಮಾರ್ಗವನ್ನು ನಿರ್ಮಿಸಿದರು. ಅದೇ ರಿಗೆನ್‌ಬಾಖ್ 1882ರಲ್ಲಿ ನೀಲಗಿರಿಗೆ ಬಂದು ಅಂದಾಜುಪಟ್ಟಿ ಸಿದ್ಧಪಡಿಸಿಕೊಟ್ಟರು. ಆದರೂ ಹಣ ಹೂಡುವವರು ಸುಲಭಕ್ಕೆ ಮುಂದೆ ಬರಲಿಲ್ಲ. 1891ರಲ್ಲಿ ಗವರ್ನರ್ ಲಾರ್ಡ್ ವೆನ್‌ಲಾಕ್ ಕೆಲಸಕ್ಕೆ ಚಾಲನೆ ಕೊಟ್ಟ ಮೂರೇ ವರ್ಷಗಳಲ್ಲಿ ಕಂಪನಿ ದಿವಾಳಿಯಾಯಿತು, ಇನ್ನೊಂದು ಕಂಪನಿ ಹುಟ್ಟಬೇಕಾಯಿತು. ಕೊನೆಗೆ ಕುನೂರಿನವರೆಗಿನ ಮಾರ್ಗ ತೆರೆದದ್ದು 1899ರ ಜೂನ್ 15ರಂದು. ಅಲ್ಲಿಂದ ಊಟಿಗೆ ರೈಲು ತಲುಪಿದ್ದು 1908ರಲ್ಲಿ. ನಡುವಿನ ಒಂಬತ್ತು ವರ್ಷ ಕುನೂರಿನಲ್ಲಿ ಇಳಿದ ಪ್ರಯಾಣಿಕರು ಊಟಿಗೆ ಹೋಗಲು ಕುದುರೆಗಾಡಿಗಳನ್ನೇ ನೆಚ್ಚಿಕೊಳ್ಳಬೇಕಿತ್ತು. ಪ್ರಸ್ತಾಪದಿಂದ ಪೂರ್ಣಗೊಳ್ಳುವವರೆಗೆ ಐವತ್ತನಾಲ್ಕು ವರ್ಷ. ನಮ್ಮ ಕಾಲದ ರೈಲ್ವೆ ಯೋಜನೆಗಳ ವಿಳಂಬಕ್ಕೆ ಗೊಣಗುವಾಗ ಇದನ್ನೂ ನೆನೆಯಬಹುದು.

ಈ ವಿಳಂಬದಿಂದ ಒಂದು ಲಾಭವಾಯಿತು. ಅಷ್ಟರಲ್ಲಿ ರಿಗೆನ್‌ಬಾಖ್ ಅವರ ಬಳಿ ಕೆಲಸ ಮಾಡಿದ್ದ ರೋಮನ್ ಆಪ್ಟ್ ಎಂಬ ಸ್ವಿಸ್ ಎಂಜಿನಿಯರ್ ಹೆಚ್ಚು ನಯವಾದ ವಿಧಾನವೊಂದನ್ನು ರೂಪಿಸಿದ್ದರು. ರಿಗೆನ್‌ಬಾಖ್ ಅವರ ಹಲ್ಲುಪಟ್ಟಿ ನೆಲದ ಮೇಲೆ ಮಲಗಿಸಿದ ಏಣಿಯಂತಿತ್ತು. ಆಪ್ಟ್ ಎರಡು ತೆಳುವಾದ ಉಕ್ಕಿನ ಪಟ್ಟಿಗಳನ್ನು ಅಕ್ಕಪಕ್ಕ ನಿಲ್ಲಿಸಿ, ಒಂದರ ಹಲ್ಲು ಇರುವ ಕಡೆ ಇನ್ನೊಂದರ ಸಂದು ಬರುವಂತೆ ಜೋಡಿಸಿದರು. ಎಂಜಿನ್ನಿನ ಹಲ್ಲುಚಕ್ರಗಳೂ ಹಾಗೆಯೇ ಜೋಡಿಯಾಗಿ, ಅರ್ಧ ಹಲ್ಲಿನಷ್ಟು ಹಿಂದುಮುಂದಾಗಿರುತ್ತವೆ. ಬಾವಿಯಿಂದ ನೀರು ಸೇದುವಾಗ ಒಂದು ಕೈ ಹಗ್ಗ ಬಿಡುವ ಮೊದಲೇ ಇನ್ನೊಂದು ಕೈ ಹಿಡಿದಿರುತ್ತದಲ್ಲ, ಹಾಗೆ ಇಲ್ಲಿ ಯಾವ ಗಳಿಗೆಯಲ್ಲೂ ಒಂದಲ್ಲ ಒಂದು ಹಲ್ಲು ಪೂರ್ತಿಯಾಗಿ ಕಚ್ಚಿಕೊಂಡೇ ಇರುತ್ತದೆ. ನೀಲಗಿರಿಯಲ್ಲಿ ಹಾಸಿರುವುದು ಈ ಆಪ್ಟ್ ಪಟ್ಟಿ. ಕಲ್ಲಾರಿನ ಬಳಿ ರೈಲು ನಿಂತಾಗ ಕೆಳಗೆ ಬಗ್ಗಿ ನೋಡಿದರೆ, ಎರಡು ಹಳಿಗಳ ನಡುವೆ, ಹಳಿಗಿಂತ ತುಸು ಮೇಲಕ್ಕೆ ಎದ್ದಿರುವ ಗರಗಸದಂಥ ಆ ಜೋಡಿ ಪಟ್ಟಿ ಆರಂಭವಾಗುವುದು ಕಾಣಿಸುತ್ತದೆ. ಅದರ ಮೊದಲ ತುಂಡು ಮಾತ್ರ ಸ್ಪ್ರಿಂಗ್‌ಗಳ ಮೇಲೆ ಕುಳಿತಿರುತ್ತದೆ, ಚಕ್ರದ ಹಲ್ಲು ಮೊದಲ ಬಾರಿಗೆ ಬಂದು ತಾಗುವಾಗ ಸರಿಯಾಗಿ ಹೊಂದದಿದ್ದರೆ ಅದು ತಗ್ಗಿ ಜಾಗ ಕೊಡುತ್ತದೆ. ಎಂಜಿನ್ ಅದರ ಮೇಲೆ ನಡೆಯುವ ವೇಗಕ್ಕಿಂತ ನಿಧಾನವಾಗಿ ಏರುತ್ತದೆ, ಒಂದು ಸಣ್ಣ ಕುಲುಕಾಟವಾಗುತ್ತದೆ, ಅಲ್ಲಿಂದ ಮುಂದೆ ಗಂಟೆಗೆ ಹೆಚ್ಚೆಂದರೆ 13 ಕಿಲೋಮೀಟರ್ ವೇಗದ ಏರು.

ಇಲ್ಲಿನ ಎಂಜಿನ್ನೂ ವಿಶೇಷದ್ದೇ. ‘ಎಕ್ಸ್’ ವರ್ಗದ ಈ ಹಬೆ ಎಂಜಿನ್ನುಗಳು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಕಾರ್ಖಾನೆಯಲ್ಲಿ 1914ರಿಂದ 1925ರವರೆಗೆ, ಆಮೇಲೆ 1952ರಲ್ಲಿ ತಯಾರಾದವು. ಇತ್ತೀಚಿನ ವರ್ಷಗಳಲ್ಲಿ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರ ಅದೇ ಮಾದರಿಯಲ್ಲಿ ಹೊಸ ಎಂಜಿನ್ನುಗಳನ್ನು ಕಟ್ಟಿಕೊಟ್ಟಿದೆ. ಪಕ್ಕದಿಂದ ನೋಡಿದರೆ ಒಂದರ ಮೇಲೊಂದು ಎರಡು ಸಿಲಿಂಡರ್‌ಗಳು, ಎರಡು ಸಾಲು ಸಲಾಕೆಗಳು ಕಾಣುತ್ತವೆ. ಕೆಳಗಿನವು ಸಾಮಾನ್ಯ ಚಕ್ರಗಳನ್ನು ತಿರುಗಿಸಲು, ಮೇಲಿನವು ಹಲ್ಲುಚಕ್ರಗಳನ್ನು ತಿರುಗಿಸಲು. ಬಯಲಿನಲ್ಲಿ ಓಡುವಾಗ ಕೆಳಗಿನ ಜೋಡಿಯಷ್ಟೇ ಕೆಲಸ ಮಾಡುತ್ತದೆ. ಹಲ್ಲುಪಟ್ಟಿ ಬಂದಾಗ, ಕೆಳಗಿನ ಸಿಲಿಂಡರಿನಲ್ಲಿ ಒಮ್ಮೆ ದುಡಿದು ಹೊರಬಿದ್ದ ಹಬೆಯನ್ನು ಚಿಮಣಿಗೆ ಬಿಡದೆ ಮೇಲಿನ ಸಿಲಿಂಡರಿಗೆ ಕಳುಹಿಸಿ ಇನ್ನೊಮ್ಮೆ ದುಡಿಸುತ್ತಾರೆ. ನಿಂತ ರೈಲು ಹೊರಡುವಾಗ ಮೇಲಿನ ಸಾಲೂ ಕೆಳಗಿನ ಸಾಲೂ ತಂತಮ್ಮ ಲಯದಲ್ಲಿ ಚಲಿಸುವುದನ್ನು ನೋಡಲು ಸಿಕ್ಕರೆ ಬಿಡಬೇಡಿ. ಕಣಿವೆಯ ನೋಟ ಊಟಿಯ ರಸ್ತೆಯಲ್ಲೂ ಸಿಗುತ್ತದೆ, ಇದು ಸಿಗುವುದಿಲ್ಲ.

ಇನ್ನೊಂದು ವಿಷಯವನ್ನು ಪ್ರಯಾಣಿಕರು ತಡವಾಗಿ ಗಮನಿಸುತ್ತಾರೆ. ಏರುವಾಗ ಎಂಜಿನ್ ಬೋಗಿಗಳನ್ನು ಎಳೆಯುವುದಿಲ್ಲ, ಹಿಂದಿನಿಂದ ದೂಡುತ್ತದೆ. ಕೊಂಡಿ ಕಳಚಿದರೂ ಬೋಗಿಗಳು ಕೆಳಕ್ಕೆ ಓಡಿಹೋಗದಂತೆ ಎಂಜಿನ್ ಸದಾ ಇಳಿಜಾರಿನ ಕಡೆಗೇ ಇರಬೇಕೆಂಬುದು ಇದರ ಹಿಂದಿನ ತರ್ಕ. ಇದರಿಂದಾಗಿ ಚಾಲಕನಿಗೆ ಮುಂದಿನ ದಾರಿ ಕಾಣುವುದಿಲ್ಲ. ಆ ಕೊರತೆಯನ್ನು ತುಂಬಲು ಪ್ರತಿ ಬೋಗಿಯ ಮುಂದಿನ ತೆರೆದ ಅಟ್ಟಣಿಗೆಯಲ್ಲಿ ಒಬ್ಬೊಬ್ಬ ಬ್ರೇಕ್ಸ್‌ಮನ್ ನಿಂತಿರುತ್ತಾನೆ. ಎಲ್ಲಕ್ಕಿಂತ ಮುಂದಿರುವವನು ದಾರಿ ನೋಡಿ ಹಸಿರು ಅಥವಾ ಕೆಂಪು ಬಾವುಟ ತೋರಿಸುತ್ತಾನೆ, ಹಿಂದಿನವರು ಅದನ್ನೇ ಒಬ್ಬರಿಂದೊಬ್ಬರಿಗೆ ದಾಟಿಸಿ ಚಾಲಕನಿಗೆ ಮುಟ್ಟಿಸುತ್ತಾರೆ. ಹಳಿಯ ಮೇಲೆ ಬಂಡೆ ಬಿದ್ದಿರಬಹುದು, ಆನೆ ನಿಂತಿರಬಹುದು. ಇಳಿಯುವಾಗ ಇದೇ ಜನ ತಮ್ಮ ತಮ್ಮ ಬೋಗಿಯ ಬ್ರೇಕನ್ನು ಕೈಯಿಂದ ಸಂಭಾಳಿಸುತ್ತಾರೆ. ಎಂಜಿನ್ನಿನಲ್ಲಿ ಸಿಲಿಂಡರುಗಳೇ ಹಬೆಯ ಬದಲು ಗಾಳಿಯನ್ನು ಅಮುಕಿ ಇಳಿತವನ್ನು ತಡೆಯುವ ವ್ಯವಸ್ಥೆಯೂ ಇದೆ, ಅದು ಕೂಡ ರಿಗೆನ್‌ಬಾಖ್ ಅವರದೇ ಕೊಡುಗೆ. ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಹಳೆಯ ಕಾರ್ಯಪದ್ಧತಿಯೊಂದು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಕೂರದೆ ದಿನವೂ ಟಿಕೆಟ್ ಕೊಂಡವರನ್ನು ಹೊತ್ತು ನಡೆಯುತ್ತಿರುವುದು ಅಪರೂಪ. ನನ್ನ ಮಟ್ಟಿಗೆ ಪರಂಪರೆಯ ಮನ್ನಣೆಗೆ ಇದೇ ಮುಖ್ಯ ಸಮರ್ಥನೆ.

ಒಟ್ಟು 46 ಕಿಲೋಮೀಟರ್ ಉದ್ದ, 208 ತಿರುವು, 16 ಸುರಂಗ, 250 ಸೇತುವೆ, 326 ಮೀಟರ್ ಎತ್ತರದಿಂದ 2,203 ಮೀಟರ್‌ವರೆಗೆ ಏರು ಎಂಬ ಅಂಕಿಗಳನ್ನು ನೀವು ಎಲ್ಲೆಡೆ ಓದಿರುತ್ತೀರಿ. ಆ ಏರಿನಲ್ಲಿ ಸುಮಾರು 1,300 ಮೀಟರ್ ಕಲ್ಲಾರ್–ಕುನೂರ್ ನಡುವೆಯೇ ಮುಗಿದುಹೋಗುತ್ತದೆ ಎಂಬುದನ್ನು ಮಾತ್ರ ಯಾರೂ ಒತ್ತಿ ಹೇಳುವುದಿಲ್ಲ. ನೀವು ಪ್ರಯಾಣಿಸಿದ ಮೇಲಿನ ತುಂಡಿನಲ್ಲಿ ಉಳಿಯುವುದು ಐನೂರು ಮೀಟರಿಗೂ ಕಡಿಮೆ. ಹಾಗೆಂದು ಅದನ್ನು ಹಗುರವಾಗಿ ಕಾಣಬೇಕಿಲ್ಲ. 23ಕ್ಕೆ 1ರಷ್ಟು ಏರನ್ನು ಹಲ್ಲುಪಟ್ಟಿಯ ನೆರವಿಲ್ಲದೆ ಹತ್ತುವುದು ಕೂಡ ಸಾಮಾನ್ಯ ಸಂಗತಿಯಲ್ಲ. ಕೇತಿ ಕಣಿವೆಯ ನೋಟ ಇಡೀ ಮಾರ್ಗದಲ್ಲೇ ಅತ್ಯಂತ ವಿಶಾಲವಾದದ್ದು. ಕೇತಿ ನಿಲ್ದಾಣದಲ್ಲಿ ನೀಲಗಿರಿಯ ಬಡಗ ಸಮುದಾಯದವರ ಮಾತು ಕಿವಿಗೆ ಬಿದ್ದರೆ ಅರ್ಧಕ್ಕರ್ಧ ಅರ್ಥವಾಗಿ ಕನ್ನಡಿಗರು ತಿರುಗಿ ನೋಡುವುದೂ ಉಂಟು, ಅವರ ನುಡಿ ನಮ್ಮದಕ್ಕೆ ಅಷ್ಟು ಹತ್ತಿರದ್ದು.

ಇನ್ನು ಡಾರ್ಜಿಲಿಂಗ್ ಮತ್ತು ಶಿಮ್ಲಾ. ಎರಡೂ ಹಲ್ಲುಪಟ್ಟಿಯಿಲ್ಲದೆ ಏರುತ್ತವೆ, ಆದರೆ ಒಂದರ ಉಪಾಯ ಇನ್ನೊಂದರದಲ್ಲ. 1879ರಿಂದ 1881ರ ನಡುವೆ ಫ್ರ್ಯಾಂಕ್ಲಿನ್ ಪ್ರೆಸ್ಟೇಜ್ ಅವರ ಮುಂದಾಳತ್ವದಲ್ಲಿ ಕಟ್ಟಿದ ಡಾರ್ಜಿಲಿಂಗ್ ಮಾರ್ಗದಲ್ಲಿ ಒಂದೇ ಒಂದು ಸುರಂಗವಿಲ್ಲ. ಆಗಲೇ ಇದ್ದ ಹಿಲ್ ಕಾರ್ಟ್ ರಸ್ತೆಯ ಬದಿಯಲ್ಲೇ ಎರಡಡಿ ಅಗಲದ ಹಳಿ ಹಾಸಿಕೊಂಡು ಹೋದರು. ಜಾಗ ಸಾಲದಿದ್ದಲ್ಲಿ ರೈಲು ಮುಂದೆ ಹೋಗಿ, ನಿಂತು, ಇನ್ನೊಂದು ಹಳಿಯಲ್ಲಿ ಹಿಮ್ಮುಖವಾಗಿ ಮೇಲೇರಿ, ಮತ್ತೆ ಮುಂದಕ್ಕೆ ಹೊರಡುವ ‘ಜಿಗ್‌ಜಾಗ್’ಗಳನ್ನೂ, ಹಳಿ ತನ್ನನ್ನೇ ಸುತ್ತಿಕೊಂಡು ತನ್ನ ಮೇಲೆಯೇ ದಾಟುವ ‘ಲೂಪ್’ಗಳನ್ನೂ ರಚಿಸಿದರು. ಹಬೆ ಎಂಜಿನ್ನಿನ ಮೂತಿಯ ಮೇಲೆ ಇಬ್ಬರು ಕುಳಿತು ಜಾರುವ ಹಳಿಗೆ ಮರಳು ಉದುರಿಸುತ್ತಾ ಹೋಗುವ ದೃಶ್ಯ ಆ ಮಾರ್ಗಕ್ಕೇ ವಿಶಿಷ್ಟವಾದದ್ದು. ಘುಮ್ ನಿಲ್ದಾಣ 2,258 ಮೀಟರ್ ಎತ್ತರದಲ್ಲಿದೆ, ಅಂದರೆ ಊಟಿಗಿಂತಲೂ ಮೇಲೆ. 1903ರಲ್ಲಿ ತೆರೆದ ಕಾಲ್ಕಾ–ಶಿಮ್ಲಾ ಮಾರ್ಗ ಇದಕ್ಕೆ ತದ್ವಿರುದ್ಧ. ಸಾಮ್ರಾಜ್ಯದ ಬೇಸಿಗೆ ರಾಜಧಾನಿಗೆ ಹೋಗುವ ದಾರಿಯಾದ್ದರಿಂದ ಅಲ್ಲಿ ಖರ್ಚಿಗೆ ಹಿಂದೆಮುಂದೆ ನೋಡಲಿಲ್ಲ. 96 ಕಿಲೋಮೀಟರ್‌ನಲ್ಲಿ ನೂರಕ್ಕೂ ಹೆಚ್ಚು ಸುರಂಗ, ಎಂಟುನೂರಕ್ಕೂ ಹೆಚ್ಚು ಸೇತುವೆ, ಬಹುತೇಕ ಕಲ್ಲಿನ ಕಮಾನುಗಳು. ಏರು 33ಕ್ಕೆ 1ರ ಒಳಗೇ ಉಳಿಯಿತು. ಡಾರ್ಜಿಲಿಂಗ್ 1999ರಲ್ಲಿ, ನೀಲಗಿರಿ 2005ರಲ್ಲಿ, ಶಿಮ್ಲಾ 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿ, ಈಗ ಮೂರೂ ‘ಭಾರತದ ಪರ್ವತ ರೈಲುಗಳು’ ಎಂಬ ಒಂದೇ ಹೆಸರಿನಡಿ ಇವೆ.

ಈಗ ನಿಮ್ಮ ಸಕಲೇಶಪುರದ ಮಾತು. ರೋಮಾಂಚನದ ವಿಷಯದಲ್ಲಿ ನಿಮ್ಮೊಂದಿಗೆ ನನಗೆ ಜಗಳವಿಲ್ಲ. ಜುಲೈ ತಿಂಗಳ ಮಳೆಯಲ್ಲಿ ಎಡಕುಮೇರಿಯ ಸುತ್ತಿನ ಕಾಡು ನೀಲಗಿರಿಯ ತೋಟಗಳನ್ನು ಸುಲಭವಾಗಿ ಹಿಂದಿಕ್ಕುತ್ತದೆ. ಸುಮಾರು 55 ಕಿಲೋಮೀಟರ್‌ನಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಆದರೆ ಆ ಮಾರ್ಗದ ಉದ್ದೇಶ ಬೇರೆ, ಹುಟ್ಟಿದ ಕಾಲವೂ ಬೇರೆ. ಹಾಸನ–ಮಂಗಳೂರು ಮಾರ್ಗ ತೆರೆದದ್ದು 1979ರಲ್ಲಿ, ಹೊಸ ಮಂಗಳೂರು ಬಂದರಿಗೆ ಒಳನಾಡಿನ ಸರಕು ತಲುಪಬೇಕಿತ್ತು. ಸಾವಿರಾರು ಟನ್ ಹೊರುವ ಗೂಡ್ಸ್ ರೈಲಿಗೆ ಹಲ್ಲುಪಟ್ಟಿಯ ಆಮೆವೇಗ ಒಗ್ಗುವುದಿಲ್ಲ. ಹೀಗಾಗಿ ಏರನ್ನು 50ಕ್ಕೆ 1ರಷ್ಟಕ್ಕೆ ಕಟ್ಟಿಹಾಕಿದರು, ಅದಕ್ಕೆ ಬೆಲೆಯಾಗಿ ದಾರಿಯನ್ನು ಉದ್ದ ಮಾಡಿ, ಬೆಟ್ಟವನ್ನು ಮತ್ತೆ ಮತ್ತೆ ಕೊರೆದರು. ಕಲ್ಲಾರ್–ಕುನೂರಿನಷ್ಟೂ ಎತ್ತರವಿಲ್ಲದ ಘಟ್ಟವನ್ನು ಇಳಿಯಲು ಅಲ್ಲಿನ ಸುಮಾರು ಮೂರು ಪಟ್ಟು ದೂರ ಬೇಕಾಯಿತು. ಮೊದಲು ಮೀಟರ್ ಗೇಜ್ ಆಗಿದ್ದ ಇದನ್ನು ಬ್ರಾಡ್ ಗೇಜ್‌ಗೆ ಪರಿವರ್ತಿಸಲು ವರ್ಷಗಟ್ಟಲೆ ಮುಚ್ಚಿ, 2007ರ ಡಿಸೆಂಬರಿನಲ್ಲಿ ಪ್ರಯಾಣಿಕ ರೈಲು ಮತ್ತೆ ಓಡಿಸಿದರು. ದುಡಿಮೆಯ ಪ್ರಮಾಣದಲ್ಲಿ ಇದು ನೀಲಗಿರಿಗಿಂತ ದೊಡ್ಡ ಸಾಹಸ. ಆದರೆ ವಿಶ್ವ ಪರಂಪರೆಯ ಪಟ್ಟಿ ಅಳೆಯುವುದು ಸಾಹಸದ ಗಾತ್ರವನ್ನಲ್ಲ. ರೈಲು ತಂತ್ರಜ್ಞಾನದ ಎಳೆಯ ದಿನಗಳಲ್ಲಿ ಬೆಟ್ಟ ಏರಲು ಕಂಡುಕೊಂಡ ಉಪಾಯವೊಂದು ಹೆಚ್ಚು ಬದಲಾಗದೆ ಉಳಿದಿದೆಯೇ, ಅದರಿಂದ ಆ ಪ್ರದೇಶದ ಬದುಕು ಬದಲಾಯಿತೇ ಎಂಬುದನ್ನು ಅದು ನೋಡುತ್ತದೆ. ಸುರಂಗ ಕೊರೆದು ಏರು ತಗ್ಗಿಸುವ ಉಪಾಯ 1979ರ ಹೊತ್ತಿಗೆ ಹಳೆಯದಾಗಿತ್ತು.

ನೀವು ಬಳಸಿದ ‘ಟಾಯ್ ಟ್ರೇನ್’ ಎಂಬ ಹೆಸರಿನ ಬಗ್ಗೆಯೂ ಸಣ್ಣ ತಕರಾರಿದೆ. ಎರಡಡಿಯ ಡಾರ್ಜಿಲಿಂಗ್ ರೈಲಿಗೆ ಅದು ಒಪ್ಪೀತು. ನೀಲಗಿರಿಯದು ಮೀಟರ್ ಗೇಜ್. 1990ರ ದಶಕದವರೆಗೂ ಮೈಸೂರು–ಬೆಂಗಳೂರು ರೈಲು ಓಡುತ್ತಿದ್ದದ್ದು ಅಷ್ಟೇ ಅಗಲದ ಹಳಿಯ ಮೇಲೆ, ಅದನ್ನು ಯಾರೂ ಆಟಿಕೆ ಎನ್ನಲಿಲ್ಲ.

ಮುಂದಿನ ಪ್ರಯಾಣಕ್ಕೆ ನನ್ನ ಸಲಹೆಯೆಂದರೆ ಮೆಟ್ಟುಪಾಳಯಂನಿಂದ ಮೇಲಕ್ಕೆ ಹೋಗಿ, ಇಳಿಯುವ ರೈಲಿನಲ್ಲಿ ಬೇಡ. ಇಳಿಯುವಾಗ ಸಮಯ ಕಡಿಮೆ ಹಿಡಿಯುತ್ತದೆ ನಿಜ, ಆದರೆ ಎಂಜಿನ್ ತಡೆಯುತ್ತಾ ಬರುವುದರಿಂದ ಅದರ ದುಡಿಮೆ ಕಿವಿಗೂ ಕಣ್ಣಿಗೂ ಸಿಗುವುದಿಲ್ಲ. ಮೇಲೇರುವ ರೈಲು ಬೆಳಿಗ್ಗೆ ಏಳರ ಆಸುಪಾಸಿನಲ್ಲಿ ಹೊರಟು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಊಟಿ ತಲುಪುತ್ತದೆ, ಆದ್ದರಿಂದ ಹಿಂದಿನ ರಾತ್ರಿಯನ್ನು ಮೆಟ್ಟುಪಾಳಯಂ ಅಥವಾ ಕೊಯಮತ್ತೂರಿನಲ್ಲಿ ಕಳೆಯಬೇಕು. ಕಾರಿನಲ್ಲೇ ಹೋಗುವುದಾದರೆ ಕುಟುಂಬದಲ್ಲಿ ಒಬ್ಬರು ಘಾಟಿ ರಸ್ತೆಯಲ್ಲಿ ಕಾರನ್ನು ಊಟಿಗೆ ತರುವ ತ್ಯಾಗಕ್ಕೆ ಸಿದ್ಧರಿರಬೇಕು. 2024ರ ಮೇ ತಿಂಗಳಿನಿಂದ ನೀಲಗಿರಿಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಪದ್ಧತಿ ಬಂದಿದೆ, ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೋಗಿಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಮುಂಗಡ ಬುಕಿಂಗ್ ತೆರೆದ ದಿನವೇ ಟಿಕೆಟ್ ಹಿಡಿಯುವುದು ಒಳ್ಳೆಯದು. ಅದು ಸಿಗದಿದ್ದರೆ, ಊಟಿಯಿಂದ ಕುನೂರಿಗೆ ರಸ್ತೆಯಲ್ಲಿ ಬಂದು ಬೆಳಗಿನ ಹತ್ತೂವರೆಯ ಹೊತ್ತಿಗೆ ನಿಲ್ದಾಣದಲ್ಲಿರಿ. ಕೆಳಗಿನಿಂದ ಬಂದ ರೈಲಿನಿಂದ ಹಬೆ ಎಂಜಿನ್ ಕಳಚಿಕೊಂಡು ಡೀಸೆಲ್ ಎಂಜಿನ್ ಜೋಡಣೆಯಾಗುವುದನ್ನೂ, ರೈಲು ಒಂದಿಷ್ಟು ದೂರ ಹಿಮ್ಮುಖವಾಗಿ ಸರಿದು ಊಟಿಯ ಹಳಿಗೆ ಹೊರಳುವುದನ್ನೂ ಅಲ್ಲಿ ಹತ್ತಿರದಿಂದ ನೋಡಬಹುದು.

ದಸರಾ ರಜೆಯ ಬಗ್ಗೆ ಮಾತ್ರ ಮರುಯೋಚನೆ ಮಾಡಿ. ನಮಗೆ ಮಳೆಗಾಲವೆಂದರೆ ಜೂನ್‌ನಿಂದ ಸೆಪ್ಟೆಂಬರ್, ದಸರಾ ಹೊತ್ತಿಗೆ ಆಕಾಶ ತಿಳಿಯಾಗುತ್ತದೆ. ಕಲ್ಲಾರ್–ಕುನೂರ್ ಇಳಿಜಾರು ಬೆಟ್ಟದ ಪೂರ್ವದ ಮೈಯಲ್ಲಿರುವುದರಿಂದ ಅಲ್ಲಿ ಜೋರು ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಈಶಾನ್ಯ ಮಾರುತದ ಕಾಲದಲ್ಲಿ. ಮಣ್ಣು ಕುಸಿದು ಹಳಿ ಮುಚ್ಚಿಹೋಗಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ರೈಲು ರದ್ದಾಗುವುದು ಆ ತಿಂಗಳುಗಳಲ್ಲೇ. 2009ರ ನವೆಂಬರಿನ ಮಳೆಯಲ್ಲಂತೂ ಮಾರ್ಗಕ್ಕೆ ಭಾರಿ ಹಾನಿಯಾಗಿತ್ತು. ಸಂಕ್ರಾಂತಿ ಕಳೆದ ಮೇಲಿನ ವಾರಗಳಿಂದ ಮಾರ್ಚ್‌ವರೆಗೆ ಯಾವಾಗ ಹೋದರೂ ರೈಲು ಓಡುವ ಸಂಭವ ಹೆಚ್ಚು, ಬೇಸಿಗೆಯ ಜನಜಂಗುಳಿಯೂ ಇನ್ನೂ ಶುರುವಾಗಿರುವುದಿಲ್ಲ. ಮಕ್ಕಳ ಶಾಲೆಗೆ ಎರಡು ದಿನ ರಜೆ ಹಾಕಿಸಬೇಕಾಗಿ ಬಂದರೂ ಅದೇ ಸರಿ ಎಂದು ನನಗನ್ನಿಸುತ್ತದೆ.